ದೋಣಿಸುಟ್ಟ ಗುಡ್ಡ

ನಮ್ಮ ಬಂದರಿನ ದಕ್ಕೆಯ ಮೇಲೆ ನಿಂತು ಪಡುವಣಕ್ಕೆ ನೋಡಿದರೆ ಕಡಲ ನಡುವೆ ಒಂದು ಬೋಳು ದ್ವೀಪ ಕಾಣುತ್ತದೆ. ಹೆಸರು ದೋಣಿಸುಟ್ಟ ಗುಡ್ಡ. ಒಂದು ಮರವಿಲ್ಲ, ಒಂದು ಮನೆಯಿಲ್ಲ. ಓದಿದವರು ಬಂದು, ಯಾವುದೋ ಯುದ್ಧದಲ್ಲಿ ಶತ್ರುಗಳ ದೋಣಿ ಸುಟ್ಟ ಜಾಗವೆಂದು ಬರೆದುಕೊಂಡು ಹೋದರು. ಅವರಿಗೆ ಅಲೆ ಕಂಡರೆ ವಾಂತಿ. ನಾನು ಪ್ರಾಯದಲ್ಲಿ ಅಲ್ಲಿಗೆ ಈಜಿ, ಅಲ್ಲಿ ಕವಳ ಹಾಕಿ, ಬಾಯಿಯ ಕೆಂಪು ಆರುವ ಮೊದಲು ಈಜಿ ವಾಪಸು ಬಂದವನು. ನಿಜ ಸಂಗತಿ ನನ್ನನ್ನು ಕೇಳಬೇಕು.

ಹಿಂದೆ ಒಮ್ಮೆ ಅಲ್ಲಿ ಮೂವತ್ತು ಮನೆಗಳಿದ್ದವು ಎನ್ನುತ್ತಾರೆ. ಭತ್ತ ಬೆಳೆಯಲು ಅಂಗೈಯಗಲ ಮಣ್ಣಿಲ್ಲದ ಆ ಜನ ಚಿಪ್ಪು ಹೆಕ್ಕಿ, ಗೂಡಿನಲ್ಲಿ ಸುಟ್ಟು, ಸುಣ್ಣವನ್ನು ದಡಕ್ಕೆ ಒಯ್ದು ಅಕ್ಕಿ ತರುತ್ತಿದ್ದರು. ಆ ಸುಣ್ಣ ಎಂಥದೆಂದರೆ, ಬಳಿದ ಗೋಡೆಯನ್ನು ಹುಣ್ಣಿಮೆಯೆಂದು ತಿಳಿದು ಕಡಲೇ ಉಕ್ಕಿ ಬರುತ್ತಿತ್ತಂತೆ. ಗೂಡಿಗೆ ಇಟ್ಟ ಬೆಂಕಿ ಒಂಬತ್ತು ದಿನ ಆರಕೂಡದು. ನಡುವೆ ಆರಿದರೆ ಗೂಡಿನಮ್ಮ ಮುನಿದು ಊರಿನ ಮಕ್ಕಳನ್ನು ಒಯ್ಯುತ್ತಾಳೆಂದು ಅವರ ನಂಬಿಕೆ. ಒಂದು ವರ್ಷ ದಡದಲ್ಲಿ ಕೋಟೆ ಕಟ್ಟಿಸುತ್ತಿದ್ದ ಸರದಾರ, ಮಳೆಗೆ ಮೊದಲು ಸುಣ್ಣ ಸುಟ್ಟಿಟ್ಟರೆ ಮಳೆಗಾಲಕ್ಕೆಲ್ಲ ಸಾಲುವ ಅಕ್ಕಿಯನ್ನು ತನ್ನ ದೊಡ್ಡ ಹಾಯಿದೋಣಿ ಮಚ್ವೆಯಲ್ಲೇ ಕಳಿಸುತ್ತೇನೆಂದು ಹೇಳಿಕಳಿಸಿದ. ಊರ ಯಜಮಾನ ಮಂಕಾಳ, ಅಜ್ಜ ಮುತ್ತಜ್ಜಂದಿರೂ ಕಾಣದಂಥ ದೊಡ್ಡ ಗೂಡು ಕಟ್ಟಿಸಿದ. ಅದಕ್ಕೆ ಸೌದೆ ಸಾಲದೆ ಆರನೆಯ ದಿನಕ್ಕೆ ಕೊನೆಯ ತೆಂಗಿನಮರ ಉರಿದುಹೋಯಿತು. ಏಳನೆಯ ದಿನ ಮನೆಗಳ ಕಂಬ, ಸೋಗೆಯ ಮಾಡು ಎಲ್ಲ ಹೋಯಿತು. ಎಂಟನೆಯ ದಿನ ಮಂಕಾಳ ದೋಣಿಗಳ ಕಡೆ ತಿರುಗಿದ. ಗಂಡನನ್ನು ಕಡಲಿಗೆ ಕೊಟ್ಟ ದೇಮು ಎಂಬವಳು ಎರಡು ವರ್ಷದ ಮಗಳನ್ನು ಕಂಕುಳಲ್ಲಿಟ್ಟುಕೊಂಡು ತನ್ನ ದೋಣಿಯಲ್ಲಿ ಕೂತುಬಿಟ್ಟಳು.

“ನಾಳೆ ಅಕ್ಕಿ ತರಲಿಕ್ಕೆ ನಿನ್ನ ಹೊಟ್ಟೆಯ ಮೇಲೆ ಕೂತು ಹೋಗಲೇನೋ, ಮಂಕಾಳ?”

“ಇಳಿಯೇ ಮಾರಾಯ್ತಿ. ಅಕ್ಕಿ ಮಚ್ವೆಯಲ್ಲಿ ಬರ್ತದೆ. ಬೆಂಕಿ ಆರಿದರೆ ಮೊದಲು ಹೋಗುವುದು ನಿನ್ನ ಕಂಕುಳಲ್ಲಿರುವ ಕೂಸು.”

ಆ ಮಾತಿಗೆ ದೇಮು ಇಳಿದಳು.

ಒಂಬತ್ತನೆಯ ದಿನ ಬೆಟ್ಟದಷ್ಟು ಸುಣ್ಣ ಇಳಿಯಿತು. ಹತ್ತನೆಯ ದಿನ, ವಾಡಿಕೆಗಿಂತ ಹದಿನೈದು ದಿನ ಮೊದಲೇ, ಮಳೆ ಹಿಡಿಯಿತು. ಮುಚ್ಚಲು ಒಂದು ಮಾಡೂ ಉಳಿದಿರಲಿಲ್ಲ. ಸುಣ್ಣ ಕುದಿದ ಕಾವಿಗೆ ಸುತ್ತಲ ಕಡಲಿನ ಮೀನು ಬೆಂದು ತೇಲಿದವು; ಏಳು ದಿನ ಜನ ಅದನ್ನೇ ತಿಂದರು ಎನ್ನುತ್ತಾರೆ. ಆಮೇಲೆ ತಿನ್ನಲು ಏನೂ ಇರಲಿಲ್ಲ. ಆ ಅಲೆಯಲ್ಲಿ ಮಚ್ವೆ ಬರುವಂತಿರಲಿಲ್ಲ, ಹೋಗಲು ಇವರಲ್ಲಿ ದೋಣಿಯಿರಲಿಲ್ಲ. ಮಂಕಾಳ ಒಂದು ಕೊಡ ತಬ್ಬಿಕೊಂಡು ದಡದ ಕಡೆಗೆ ನೀರಿಗೆ ಬಿದ್ದ. ಆ ಕಡಲಿಗೆ ನಾನೂ ಇಳಿಯುತ್ತಿರಲಿಲ್ಲ. ಕೊಡ ಮಾತ್ರ ತೇಲಿ ವಾಪಸು ಬಂತು. ಜ್ಯೇಷ್ಠದಲ್ಲಿ ಮುದುಕರು ಹೋದರು, ಆಷಾಢದಲ್ಲಿ ಮಕ್ಕಳು. ದೇಮುವಿನ ಕೂಸು ಆಷಾಢದ ಕೊನೆಯ ದಿನದವರೆಗೂ ಉಸಿರು ಹಿಡಿದಿತ್ತು.

ಶ್ರಾವಣದ ನೂಲಹುಣ್ಣಿಮೆ ಕಳೆದು ಕಡಲು ತೆರೆದಾಗ ಮಚ್ವೆ ಬಂತು. ಬದುಕಿ ಉಳಿದವಳು ದೇಮು ಒಬ್ಬಳೇ. ಸುಣ್ಣವೆಲ್ಲಿ ಎಂದು ಸರದಾರನ ಆಳು ಕೇಳಿದ. ಕಲ್ಲಾಗಿ ನಿಂತ ಬಿಳಿ ದಿಬ್ಬವನ್ನು ತೋರಿಸಿ, “ಎಲ್ಲರನ್ನೂ ಅದರಡಿಯೇ ಇಟ್ಟಿದ್ದೇನೆ. ಅಗೆದು ತಕ್ಕೊಂಡು ಹೋಗು” ಎಂದಳಂತೆ. ಅವಳು ಮಚ್ವೆ ಹತ್ತಿದವಳು ಮತ್ತೆ ನೆಲಕ್ಕೆ ಕಾಲಿಡಲಿಲ್ಲ. ನಮ್ಮ ಬಂದರಿನಲ್ಲಿ ಒಂದು ಹಳೇ ದೋಣಿಯಲ್ಲಿ ನಲವತ್ತು ವರ್ಷ ಬದುಕಿ, ಅಲ್ಲೇ ಗಂಜಿ ಬೇಯಿಸಿ, ಅಲ್ಲೇ ಸತ್ತಳು ಎನ್ನುತ್ತಾರೆ.

ಆ ಬಿಳಿ ದಿಬ್ಬ ಈಗಲೂ ಇದೆ, ಪಿಕಾಸಿಗೆ ಬಗ್ಗುವುದಿಲ್ಲ. ನೋಡಲು ಹೋದವರು ಇನ್ನೊಂದನ್ನೂ ಗಮನಿಸಬಹುದು. ಎಷ್ಟು ಜನ ಇಳಿದರೂ ದೋಣಿ ನಡೆಸುವ ನಮ್ಮ ಖಾರ್ವಿಗಳಲ್ಲಿ ಒಬ್ಬ ದೋಣಿಯಲ್ಲೇ ಕೂತಿರುತ್ತಾನೆ. ಕರೆದರೂ ಇಳಿಯುವುದಿಲ್ಲ, ಬೀಡಿ ಕೊಟ್ಟರೂ ಹಚ್ಚುವುದಿಲ್ಲ.