ಅವ್ವನ ಊರಿಗೆ ಅಡ್ಡ ಬಂದ ಸೀನು

ಕೇಳ್ರಪ್ಪಾ ಕೇಳಿ, ಕಿವಿ ಇತ್ತ ಕೊಡಿ. ಒಂದು ಕಾರಿತ್ತು. ಅದರ ತಂಪು ಗಾಳಿ ಕಳೆದುಹೋಗಿತ್ತು.

ಕಾರು ಸಂಪಿಯ ಅಪ್ಪನದು. ಸಂಪಿಯ ಅವ್ವ ಹೆರಿಗೆಗೆ ಅಂತ ತವರಿಗೆ ಹೋಗಿದ್ದಳು. ಅಲ್ಲಿ ಸಂಪಿಗೊಬ್ಬ ತಂಗಿ ಹುಟ್ಟಿದ್ದಳು. ಸಂಪಿ ಇನ್ನೂ ನೋಡಿರಲಿಲ್ಲ. ಅವ್ವ ಬೇಕು, ಅವ್ವ ಬೇಕು. ಸಂಪಿಯ ಜೀವವೆಲ್ಲ ಅವ್ವನ ಊರಲ್ಲೇ.

ಭಾನುವಾರ ಹೊರಟರು. ಅಪ್ಪ ಕಾರು ಚಾಲೂ ಮಾಡಿದ. ಗಾಳಿ ಬರೋ ಕಿಂಡಿಯಿಂದ ಬುಸ್ಸಂತ ಧೂಳು ಬಂತು. ಅಪ್ಪ ಸೀನಿದ. ಆಕ್ಷೀ! ಒಂದೇ ಒಂದು.

"ಒಂಟಿ ಸೀನು!" ಬಾಗಿಲಲ್ಲಿ ನಿಂತ ಅಜ್ಜಿ ಕೂಗಿದಳು. "ಹೊರಡಬೇಡ್ರೋ. ಇಳೀರಿ. ನೀರು ಕುಡೀರಿ."

ಇಳಿದರು. ನೀರು ಕುಡಿದರು. ಮತ್ತೆ ಹತ್ತಿದರು. ಮತ್ತೆ ಧೂಳು. ಮತ್ತೆ ಆಕ್ಷೀ! ಮತ್ತೆ ಇಳಿದರು. ಬಿಂದಿಗೆ ನೀರು ಖಾಲಿಯಾಯಿತು. ಅವ್ವನ ಊರು ಇದ್ದಷ್ಟೇ ದೂರ ಇತ್ತು.

ಸಂಪಿ ಕಾರಿನ ಗಾಳಿಯನ್ನು ಕೇಳಿದಳು.

"ಗಾಳೀ, ಗಾಳೀ, ತಂಪಾಗಿ ಬಾ. ನೀ ಬಂದ್ರೆ ಸೀನು ಬರಲ್ಲ. ಸೀನು ಬರದಿದ್ರೆ ಅವ್ವ ಸಿಕ್ತಾಳೆ."

"ಬರಲ್ಲ. ಫಿಲ್ಟರ್ ತುಂಬ ಧೂಳು. ಫಿಲ್ಟರ್‌ನ ಕೇಳು."

ಫಿಲ್ಟರ್ ಅಂದರೆ ಗಾಳಿ ಸೋಸುವ ಜರಡಿ.

"ಫಿಲ್ಟರೇ, ಫಿಲ್ಟರೇ, ಹೊರಗೆ ಬಾ. ಅಪ್ಪ ಹೊಸದು ತಂದಿದಾನೆ. ನೀ ಬಂದ್ರೆ ಗಾಳಿ ಬರುತ್ತೆ. ಗಾಳಿ ಬಂದ್ರೆ ಸೀನು ಬರಲ್ಲ. ಸೀನು ಬರದಿದ್ರೆ ಅವ್ವ ಸಿಕ್ತಾಳೆ."

"ಬರಲ್ಲ. ಮುಚ್ಚಳ ಬಿಡಲ್ಲ. ಮುಚ್ಚಳನ ಕೇಳು."

"ಮುಚ್ಚಳಾ, ಮುಚ್ಚಳಾ, ತೆರೆದುಕೋ. ನೀ ತೆರೆದ್ರೆ ಫಿಲ್ಟರ್ ಬರುತ್ತೆ. ಫಿಲ್ಟರ್ ಬಂದ್ರೆ ಗಾಳಿ ಬರುತ್ತೆ. ಗಾಳಿ ಬಂದ್ರೆ ಸೀನು ಬರಲ್ಲ. ಸೀನು ಬರದಿದ್ರೆ ಅವ್ವ ಸಿಕ್ತಾಳೆ."

"ತೆರೆಯಲ್ಲ. ಡಬ್ಬ ಅಡ್ಡ ಕೂತಿದೆ. ಡಬ್ಬನ ಕೇಳು."

ಡಬ್ಬ ಅಂದರೆ ಮುಂದಿನ ಸೀಟಿನ ಎದುರು ಇರುತ್ತಲ್ಲ, ಸಾಮಾನು ಇಡೋದು, ಅದು.

"ಡಬ್ಬಾ, ಡಬ್ಬಾ, ಕೆಳಗೆ ಬಾಗು. ನೀ ಬಾಗಿದ್ರೆ ಮುಚ್ಚಳ ತೆರೆಯುತ್ತೆ. ಮುಚ್ಚಳ ತೆರೆದ್ರೆ ಫಿಲ್ಟರ್ ಬರುತ್ತೆ. ಫಿಲ್ಟರ್ ಬಂದ್ರೆ ಗಾಳಿ ಬರುತ್ತೆ. ಗಾಳಿ ಬಂದ್ರೆ ಸೀನು ಬರಲ್ಲ. ಸೀನು ಬರದಿದ್ರೆ ಅವ್ವ ಸಿಕ್ತಾಳೆ."

"ಹೇಗಮ್ಮಾ ಬಾಗಲಿ? ಹೊಟ್ಟೆ ಬಿರಿಯೋ ಹಾಗೆ ತುಂಬಿದೀಯಲ್ಲ. ನಿನ್ನನ್ನೇ ಕೇಳ್ಕೋ."

ಸಂಪಿ ಡಬ್ಬ ತೆರೆದಳು. ಎಲ್ಲ ಅವಳೇ ಇಟ್ಟದ್ದು. ದಿನಕ್ಕೊಂದು. ಅವ್ವನಿಗೆ ತೋರಿಸೋಕೆ ಅಂತ. ನವಿಲುಗರಿ ಇತ್ತು. ಹುಣಸೆಬೀಜ ಇತ್ತು. ಉದುರಿದ ಹಲ್ಲು ಇತ್ತು. ತಂಗಿಗೊಂದು ಗಿಲಕಿ ಇತ್ತು.

"ತೆಗೆದ್ರೆ ಕಳೆದುಹೋಗ್ತಾವೆ," ಅಂದಳು ಸಂಪಿ. ಕಣ್ಣು ತುಂಬಿ ಬಂತು. "ಆಮೇಲೆ ಅವ್ವಂಗೆ ಏನು ತೋರಿಸ್ಲಿ?"

"ಮಡಿಲು ಒಡ್ಡೇ ನನ್ನ ಕಂದ," ಅಂದಳು ಅಜ್ಜಿ.

ಸಂಪಿ ಲಂಗ ಹಿಡಿದು ಮಡಿಲು ಒಡ್ಡಿದಳು. ನವಿಲುಗರಿ ಬಂತು. ಹುಣಸೆಬೀಜ ಬಂತು. ಉದುರಿದ ಹಲ್ಲು ಬಂತು. ಗಿಲಕಿ ಬಂತು.

ಮಡಿಲು ತುಂಬಿತು, ಡಬ್ಬ ಬರಿದಾಯಿತು. ಅಪ್ಪ ಅದರ ಪಕ್ಕೆ ಒತ್ತಿದ. ಡಬ್ಬ ಬಾಗಿತು, ಮುಚ್ಚಳ ತೆರೆಯಿತು. ಮುಚ್ಚಳ ತೆರೆಯಿತು, ಹಳೇ ಫಿಲ್ಟರ್ ಬಂತು. ಹೊಸ ಫಿಲ್ಟರ್ ಕೂತಿತು, ತಂಪು ಗಾಳಿ ಬಂತು. ಅಪ್ಪ ಕಾದ. ಸಂಪಿ ಕಾದಳು. ಬಿಂದಿಗೆ ಹಿಡಿದು ಅಜ್ಜಿಯೂ ಕಾದಳು. ಸೀನು ಬರಲೇ ಇಲ್ಲ!

ಕಾರು ಹೊರಟಿತು. ಅವ್ವ ಸಿಕ್ಕಳು.

ಅವ್ವ ತಂಗಿಯನ್ನು ಒಂದು ತೊಡೆಗೆ ಸರಿಸಿದಳು. ಇನ್ನೊಂದು ತೊಡೆ ಸಂಪಿಗೆ. ನವಿಲುಗರಿ ನೋಡಿದಳು. ಹುಣಸೆಬೀಜ ನೋಡಿದಳು. ಹಲ್ಲು ನೋಡಿ ಮುತ್ತು ಕೊಟ್ಟಳು. ಗಿಲಕಿ ತಂಗಿಗೆ ಆಡಿಸಿದಳು.

ಸಂಜೆಯಾಯಿತು. "ಹೊರಡೋಣ್ವಾ ಸಂಪಿ?" ಅಂದ ಅಪ್ಪ.

ಆಗ ತಂಗಿ ಸೀನಿದಳು. ಆಕ್ಷೀ! ಒಂದೇ ಒಂದು.

"ಒಂಟಿ ಸೀನು!" ಸಂಪಿ ಅವ್ವನನ್ನು ಬಿಗಿಯಾಗಿ ತಬ್ಬಿ ಕೂಗಿದಳು. "ಹೊರಡೋ ಹಾಗಿಲ್ಲ. ಕೂತ್ಕೋ ಅಪ್ಪಾ. ನೀರು ಕುಡಿ."