ಬಾಣಂತಿ ಖಾರ ಮತ್ತು ಹಾರುವ ತೇರು

“ಪ್ರಭು, ನಮ್ಮ ಹಾರುವ ತೇರಿನ ಕಟ್ಟೆಯೊಳಗೆ ಕತ್ತಿ ಹಾಗಿರಲಿ, ಕೆಟ್ಟ ಮಾತೂ ನುಸುಳದು. ಬೆಂಕಿ, ಸಿಡಿಲು ಅಂತ ಬಾಯಿಬಿಟ್ಟವರು ಯಾರೇ ಆಗಲಿ, ನೇರ ಸೆರೆಗೆ!” ಎಂದು ಕಾವಲಿನ ದಳವಾಯಿ ಕರಿಬಸಪ್ಪ ಮೀಸೆ ತಿರುವಿದ.

ಮೇಘಗಿರಿಯ ರಾಜ ವಜ್ರಬಾಹು ತಲೆದೂಗಿದ. “ಭೇಷ್! ಇವತ್ತು ಯಾರು ಸಿಕ್ಕರು?”

ಸಿಕ್ಕವಳು ಮುದುಕಿ ಹೊನ್ನವ್ವ. ಕಂಕುಳಲ್ಲಿ ಒಂದು ಭರಣಿ.

“ಒಳಗೇನಿದೆ ಅಂತ ಇವರು ಕೇಳಿದ್ರು ಬುದ್ಧೀ. ಬಾಣಂತಿ ಖಾರ ಕಣಪ್ಪ, ಚಿಟಿಕೆ ತಿಂದ್ರೆ ಮೈಯೆಲ್ಲ ಬೆಂಕಿ ಅಂದೆ. ಅಷ್ಟೇ! ಮಗಳಿಗೆ ದಿನ ತುಂಬಿದೆ. ಮಧ್ಯಾಹ್ನದ ತೇರು ತಪ್ಪಿದ್ರೆ ಹೆರಿಗೆಗೆ ಅವಳ ಹತ್ತಿರ ಯಾರೂ ಇಲ್ಲ.”

“ಬೆಂಕಿ ಅಂದದ್ದು ನಿಜ ತಾನೇ?” ಎಂದ ದಳವಾಯಿ.

“ಕಾನೂನು ಕಾನೂನೇ” ಎಂದ ರಾಜ.

ಆಸ್ಥಾನದ ಜಾಣ ತಿಪ್ಪಣ್ಣಯ್ಯ ಎದ್ದು ಕೈಮುಗಿದ. “ಒಪ್ಪಿದೆ ಪ್ರಭು. ಇಂಥ ಕಾವಲನ್ನು ತಾವು ಕಣ್ಣಾರೆ ನೋಡಬೇಡವೆ? ಅವ್ವನೂ ಬರಲಿ. ಅವಳ ತೀರ್ಪು ಅಲ್ಲೇ ಆಗಲಿ.”

ಹೊಗಳಿಕೆಗೆ ರಾಜ ಹೊರಟೇಬಿಟ್ಟ. ತೇರು ಇನ್ನೂ ನಿಂತಿತ್ತು. ರಾಜ ಕಟ್ಟೆಗೆ ಕಾಲಿಟ್ಟೊಡನೆ, ಪದ್ಧತಿಯಂತೆ, ವಂದಿಮಾಗಧ ಮುಂದೆ ಬಂದು ಬಿರುದು ಕೂಗಿದ:

“ಶತ್ರುಪುರಗಳ ಸುಡುವ ಬೆಂಕಿ! ಬಾನಿನಿಂದ ಎರಗುವ ಸಿಡಿಲು! ವೈರಿಗಳ ತೇರು ಉರುಳಿಸುವ ಬಿರುಗಾಳಿ! ವಜ್ರಬಾಹು ಮಹಾರಾಜರು ದಯಮಾಡಿಸುತ್ತಿದ್ದಾರೆ! ಬಹುಪರಾಕ್!”

“ದಳವಾಯಿಗಳೇ, ಹಿಡೀರಿ!” ಎಂದು ತಿಪ್ಪಣ್ಣಯ್ಯ ಕಿರುಚಿದ.

“ಯಾ... ಯಾರನ್ನ ಸ್ವಾಮಿ?”

“ನೀವೇ ಹೇಳಿ. ಕೂಗಿದವನನ್ನೋ, ಬೆಂಕಿ ಸಿಡಿಲು ಎರಡೂ ತಾವೇ ಆಗಿ ತೇರಿನ ಹತ್ತಿರ ಬಂದವರನ್ನೋ? ಯಾರೇ ಆಗಲಿ ಅಂದಿದ್ದಿರಿ.”

ಕರಿಬಸಪ್ಪನ ಮೀಸೆ ಇಳಿಯಿತು. “ಅದು ಬಿರುದು ಸ್ವಾಮಿ! ಬರೀ ಬಾಯಿಮಾತು!”

ರಾಜನಿಗೂ ಬೆವರು. “ಹೌದು ತಿಪ್ಪಣ್ಣಯ್ಯ. ನಾನು ಇದುವರೆಗೆ ಒಂದು ಗುಡಿಸಲನ್ನೂ ಸುಟ್ಟವನಲ್ಲ.”

“ಗೊತ್ತು ಪ್ರಭು. ಅವ್ವನ ಖಾರದಲ್ಲಾದರೆ ನಿಜವಾಗಿಯೂ ಉರಿ ಇದೆ. ದಳವಾಯಿಗಳು ಅವಳೊಬ್ಬಳನ್ನೇ ಹಿಡಿದದ್ದು ಅದಕ್ಕೇ ಇರಬೇಕು.”

ರಾಜ ಹೊಟ್ಟೆ ಹಿಡಿದು ನಕ್ಕ. “ಈ ಕಾನೂನು ಇವತ್ತಿಗೆ ಸಾಕು. ಅವ್ವನನ್ನು ತೇರಿನಲ್ಲಿ ನನ್ನ ಪೀಠದ ಮೇಲೆ ಕೂರಿಸಿ. ಭರಣಿ ಜೋಪಾನ!”

ರಾಜಾಜ್ಞೆ ಕೇಳಿ ವಂದಿಮಾಗಧ ಮತ್ತೆ ಎದೆಯುಬ್ಬಿಸಿ ಬಾಯಿ ತೆರೆದ.

“ನೀನು ಸ್ವಲ್ಪ ಸುಮ್ಮನಿರಯ್ಯ” ಎಂದ ರಾಜ, “ಮೊದಲು ತೇರು ಹಾರಲಿ.”