ಕೈಕಾಲಿಡಲು ಜಾಗವಿಲ್ಲದ ನಾಡು

“ಕೇಳ್ರಪ್ಪೋ ಕೇಳಿ! ನಾಡಿನೊಡತಿ ಪದುಮಲೆಯವರ ಮೂರು ಒಗಟು ಬಿಡಿಸಿದವನಿಗೆ ಅವರನ್ನೇ ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನ ತಲೆ ಕೋಟೆ ಬಾಗಿಲಿಗೆ!”

ಡಂಗುರ ಕೇಳಿ ಗಂಡುಗಳು ನಾ ಮುಂದು ತಾ ಮುಂದು ಅಂತ ನುಗ್ಗಿದರು. ನೇಕಾರ ಸಿಂಗಯ್ಯನಿಗೆ ಮದುವೆಯೂ ಬೇಡ, ರಾಜ್ಯವೂ ಬೇಡ. ಆಸೆಪಟ್ಟು ಹೋದ ಅಣ್ಣ ನಾಗಯ್ಯನ ತಲೆ ಮೂರು ತಿಂಗಳಿಂದ ಆ ಬಾಗಿಲಲ್ಲಿ ತೂಗುತ್ತಿತ್ತು. ಅದನ್ನು ಇಳಿಸಿ ಮಣ್ಣು ಮಾಡಬೇಕು. ಬೇಡಿದರೆ ಕೊಡುತ್ತಾರೆಯೇ? ಗೆದ್ದೇ ಪಡೆಯಬೇಕು.

ಮಟಮಟ ಮಧ್ಯಾಹ್ನ ಸಭೆಯೊಳಗೆ ಬಂದವನು ಹೊಸ್ತಿಲಲ್ಲೇ ನಿಂತುಬಿಟ್ಟ. ಕಂಬಕಂಬದ ಹಿಂದೆ ಸತ್ತವರು ನಿಂತಿದ್ದರು. ಕೈಯನ್ನು ಎದೆಗೊಮ್ಮೆ ಸೊಂಟಕ್ಕೊಮ್ಮೆ ಒಯ್ಯುತ್ತಾ, ಎತ್ತಿದ ಕಾಲನ್ನು ಎಲ್ಲೂ ಊರಲಾರದೆ ಒದ್ದಾಡುತ್ತಿದ್ದರು. ತಲೆಯಿಲ್ಲದಿದ್ದರೂ, ನೀಲಿ ಬಣ್ಣ ಹತ್ತಿದ ಬೆರಳು ನೋಡಿ ಅಣ್ಣನ ಗುರುತು ಸಿಕ್ಕಿತು. ಸಭೆಯವರಿಗೆ ಏನೂ ಕಂಡಂತಿರಲಿಲ್ಲ. ಪದುಮಲೆ ಮಾತ್ರ ಅತ್ತ ಕಣ್ಣು ಹಾಯಿಸುತ್ತಿರಲಿಲ್ಲ.

“ಕರೆಯದೆ ಬಂದು, ಮನೆ ಯಜಮಾನನನ್ನೇ ಮೊದಲು ಹೊರಗೆ ಹಾಕುವುದು ಯಾವುದು?” ಎಂದಳು.

“ನೆರೆ!” ಎಂದ ಒಬ್ಬ ಪಾಳೆಗಾರ. ಕೊಡಲಿ ಬಿತ್ತು.

“ಸಾವು... ಅಲ್ಲ, ಬೆಂಕಿ... ಅಲ್ಲಲ್ಲ!” ಎಂದು ತಡವರಿಸಿದ ಇನ್ನೊಬ್ಬ. ಅವನನ್ನೂ ಎಳೆದೊಯ್ದರು. ಕಂಬಗಳ ಹಿಂದೆ ಇಬ್ಬರು ಹೆಚ್ಚಾದರು. ಅಯ್ಯೋ ದೇವರೇ!

ಸಿಂಗಯ್ಯನ ಸರದಿ ಬಂತು. ಮಗ್ಗದವರಿಗೆ ಒಂದು ರೂಢಿ ಉಂಟು. ರೇಷ್ಮೆ ಎಳೆ ಹರಿದರೆ ಕೂಡಲೇ ಗಂಟು ಹಾಕಲು ಹೋಗಬಾರದು. ಮೊದಲು ತುಳಿಯುವ ಹಲಗೆಯಿಂದ ಕಾಲು ತೆಗೆದು, ಲಾಳಿಯಿಂದ ಕೈ ತೆಗೆದು, ಮೂರು ಉಸಿರು ಸುಮ್ಮನೆ ಕೂರಬೇಕು. ಅವನು ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಸಭೆ ಗೊಳ್ಳೆಂದಿತು. ನಗಲಿ ಬಿಡಿ.

“ಗಾಬರಿ, ತಾಯಿ,” ಎಂದ. “ಬಂದೊಡನೆ ಯಜಮಾನನನ್ನು, ಅಂದರೆ ಬುದ್ಧಿಯನ್ನೇ, ಹೊರಗೆ ಹಾಕುತ್ತದೆ. ಈಗಷ್ಟೇ ಕಣ್ಣಾರೆ ಕಂಡೆವಲ್ಲ.”

“ಎಳೆದಷ್ಟೂ ಬಿಗಿಯುವುದು, ಬಿಟ್ಟರೆ ಸಡಿಲವಾಗುವುದು ಯಾವುದು?” ಎಂದು ಎರಡನೆಯದನ್ನು ಕೇಳಿದಳು.

“ನೂಲಿನ ಸಿಕ್ಕು. ನಮ್ಮ ಮನೆಯ ದಿನದ ಪಾಡು ಅದು.”

ಪದುಮಲೆ ಮೂರನೆಯದಕ್ಕೆ ಬಂದಳು. “ಚೀನಾದ ರೇಷ್ಮೆ ವ್ಯಾಪಾರಿಯೊಬ್ಬ ಈ ಸಭೆ ನೋಡಿ ತನ್ನ ನಾಡಿನ ನುಡಿಗಟ್ಟೊಂದನ್ನು ಹೇಳಿ ಹೋದ. ‘ಕೈಕಾಲಿಡಲು ಜಾಗವಿಲ್ಲ.’ ಅಂದಿನಿಂದ ಅದು ನನ್ನನ್ನು ಕಾಡುತ್ತಿದೆ. ಏನದರ ಅರ್ಥ? ಯಾರಿಗೆ ಹೇಳುವ ಮಾತು?”

“ಕೈಕಾಲೇ ಆಡಲಿಲ್ಲ ಅಂತೀವಲ್ಲ ತಾಯಿ, ಅದೇ. ದಿಕ್ಕುತೋಚದವರಿಗೆ ಹೇಳುವ ಮಾತು. ಹೆಂಡತಿಗೆ ಹೆರಿಗೆ ನೋವು ಬಂದಾಗ ಗಂಡನಿಗೆ ಹೇಳಬಹುದು, ನೆಂಟರು ಬಂದಿಳಿದಾಗ ಹೊಸ ಸೊಸೆಗೆ ಹೇಳಬಹುದು. ಆದರೆ ಆ ವ್ಯಾಪಾರಿ ಹೇಳಿದ್ದು ನಿಮ್ಮ ಪ್ರಜೆಗಳಿಗೆ. ಒಂದು ಮಾತು ತಪ್ಪಿದರೆ ತಲೆ ಹಾರುವ ನಾಡಲ್ಲಿ ಯಾರು ಎಲ್ಲಿ ಕಾಲಿಡಬೇಕು? ಸತ್ತ ಮೇಲೂ ಇಡಲಾರದೆ ನಿಂತಿದ್ದಾರೆ. ನಿಮಗೂ ಕಾಣುತ್ತಿದ್ದಾರಲ್ಲವೇ?”

ಅವಳು ಬಿಕ್ಕಿಬಿಕ್ಕಿ ಅತ್ತಳು. “ಕಾಣುತ್ತಾರೆ ಕಣಪ್ಪ. ಕಣ್ಣು ಮುಚ್ಚಲು ಬಿಡುವುದಿಲ್ಲ. ನೀನು ಗೆದ್ದೆ. ಏನು ಬೇಕು ಕೇಳು.”

“ಡಂಗುರ ನಿಲ್ಲಿಸಿ. ತಲೆಗಳನ್ನು ಇಳಿಸಿಕೊಡಿ.”

ಸಂಜೆಯೊಳಗೆ ಕೋಟೆಯಾಚೆ ಸಾಲಾಗಿ ಗುಂಡಿ ತೋಡಿದರು. ಪದುಮಲೆ ಬರಿಗಾಲಲ್ಲಿ ಬಂದು ಒಂದೊಂದಕ್ಕೂ ಹಿಡಿಮಣ್ಣು ಹಾಕಿದಳು. “ಅರ್ಧ ರಾಜ್ಯ?” ಎಂದು ಅವಳು ಕೇಳಿದಾಗ, ಸಿಂಗಯ್ಯ ಅಣ್ಣನ ಗುಂಡಿ ತೋರಿಸಿ, “ಆರಡಿ ಮೂರಡಿ ಸಿಕ್ಕಿತಲ್ಲ ತಾಯಿ, ಸಾಕು,” ಎಂದ.

ಆಮೇಲೆ ಸಭೆಯಲ್ಲಿ ಯಾರೂ ಕಾಣಲಿಲ್ಲವಂತೆ. ಆದರೂ ಪದುಮಲೆ ಸಾಯುವವರೆಗೆ, ಒಂದೊಂದು ಕಂಬದ ಹಿಂದೆಯೂ ಇಣುಕಿ ನೋಡದೆ ಗದ್ದುಗೆ ಏರಲಿಲ್ಲ.